ಕುದುರೆಯಿಲ್ಲದ ಗಾಡಿಗೆ ಪ್ರವೇಶವಿಲ್ಲ

ಅಮೆರಿಕದ ಮಿಚಿಗನ್ ರಾಜ್ಯದಲ್ಲಿರುವ ಡೆಟ್ರಾಯಿಟ್ ನಗರವನ್ನು ಮೋಟಾರು ಕಾರಿನ ತವರುಮನೆಯೆಂದು ಕರೆಯುವುದುಂಟು. 1896ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಹೆನ್ರಿ ಫೋರ್ಡ್ ತಾನೇ ಜೋಡಿಸಿದ ಮೊದಲ ಮೋಟಾರು ಗಾಡಿಯನ್ನು ಓಡಿಸಿದುದು ಆ ನಗರದ ಬೀದಿಯಲ್ಲಿ. ಅದಾದ ಎರಡೇ ವರ್ಷಗಳಲ್ಲಿ, ಅದೇ ರಾಜ್ಯದ ಉತ್ತರ ಭಾಗದ ಒಂದು ಪುಟ್ಟ ದ್ವೀಪದ ಗ್ರಾಮಸಭೆಯು ಕುದುರೆಯಿಲ್ಲದ ಗಾಡಿಗಳು ತನ್ನ ಬೀದಿಗಳಲ್ಲಿ ಓಡಾಡಕೂಡದೆಂದು ನಿರ್ಣಯಿಸಿತು. ಡೆಟ್ರಾಯಿಟಿನ ಕಾರುಗಳು ಜಗತ್ತನ್ನೆಲ್ಲ ಸುತ್ತಿದವು. ತಮ್ಮ ಮನೆಯ ಹಿತ್ತಲಿನಂತಿದ್ದ ಈ ದ್ವೀಪವನ್ನು ಮಾತ್ರ ಗೆಲ್ಲಲಾರದೆ ಹೋದವು. ಆ ನಿರ್ಣಯವು ಇಂದಿಗೂ ಜಾರಿಯಲ್ಲಿದೆ.

ದ್ವೀಪದ ಹೆಸರು ಮ್ಯಾಕಿನಾ. ಹ್ಯೂರಾನ್ ಸರೋವರದಲ್ಲಿ ತೇಲುವ ಆಮೆಯ ಬೆನ್ನಿನಂತೆ ಅದು ಕಾಣುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರು ಅದಕ್ಕಿತ್ತ ಹೆಸರಿಗೂ ಮಹಾ ಆಮೆ ಎಂಬ ಅರ್ಥವನ್ನೇ ಹೇಳುತ್ತಾರೆ. ಸರೋವರವೆಂದೊಡನೆ ನಮ್ಮ ಊರಿನ ಕೆರೆಯನ್ನು ಕಲ್ಪಿಸಿಕೊಳ್ಳಬೇಡಿ. ಹ್ಯೂರಾನಿನ ವಿಸ್ತಾರ ಸುಮಾರು 59,600 ಚದರ ಕಿಲೋಮೀಟರು; ದಡದಲ್ಲಿ ನಿಂತವರಿಗೆ ಅದು ಉಪ್ಪಿಲ್ಲದ ಸಮುದ್ರವೇ ಸರಿ.

ಕೆಲವು ವರ್ಷಗಳ ಹಿಂದೆ ನಾನು ಡೆಟ್ರಾಯಿಟಿನ ಸಮೀಪದಲ್ಲಿ ನೆಲಸಿರುವ ಮಗಳ ಮನೆಗೆ ಹೋಗಿದ್ದೆ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಆ ದೇಶದಲ್ಲಿ ಕಾರ್ಮಿಕರ ದಿನ. ಶನಿವಾರ, ಭಾನುವಾರಗಳೊಡನೆ ಅದು ಕೂಡಿಕೊಂಡು ಮೂರು ದಿನಗಳ ಬಿಡುವು ದೊರೆತಾಗ, ಮಗಳು, ಅಳಿಯ ಮತ್ತು ನಿಮ್ಮ ವಯಸ್ಸಿನವಳೇ ಆದ ಮೊಮ್ಮಗಳೊಡನೆ ಮ್ಯಾಕಿನಾಕ್ಕೆ ಹೊರಟೆ. ಸುಮಾರು ಐದು ಗಂಟೆಗಳ ಕಾಲ ಹೆದ್ದಾರಿಯಲ್ಲಿ ಓಡಿದ ಕಾರನ್ನು ದಡದ ವಿಶಾಲವಾದ ಬಯಲಿನಲ್ಲಿ ಬಿಟ್ಟು ಲಾಂಚನ್ನೇರಿದೆವು. ಆ ಬಯಲಿನಲ್ಲಿ ಕಣ್ಣು ಹಾಯುವವರೆಗೂ ಕಾರುಗಳೇ ನಿಂತಿದ್ದವು. ಇದನ್ನು ನೀವು ನೆನಪಿನಲ್ಲಿಡಬೇಕು. ಮುಂದೆ ಈ ಮಾತಿಗೆ ಮತ್ತೆ ಬರುತ್ತೇನೆ.

ಇಪ್ಪತ್ತು ನಿಮಿಷಗಳಲ್ಲಿ ದ್ವೀಪವನ್ನು ಮುಟ್ಟಿದೆವು. ಅಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಮೌನವಲ್ಲ, ಲದ್ದಿಯ ವಾಸನೆ. ಹೀಗೆ ಬರೆಯಲು ಸಂಕೋಚವಾಗುತ್ತದೆ. ಆದರೆ ಪ್ರವಾಸಿಗಳ ಕೈಪಿಡಿಗಳು ಹೇಳದೆ ಬಿಡುವುದನ್ನು ಯಾರಾದರೂ ಹೇಳಲೇಬೇಕಲ್ಲ! ಬೇಸಗೆಯ ದಿನಗಳಲ್ಲಿ ಆ ಚಿಕ್ಕ ನೆಲದಲ್ಲಿ ಐದುನೂರಕ್ಕೂ ಮೇಲ್ಪಟ್ಟು ಕುದುರೆಗಳಿರುತ್ತವೆ. ಪ್ರವಾಸಿಗಳ ಪೆಟ್ಟಿಗೆಗಳು, ಅಂಗಡಿಯ ಸರಕು, ಅಂಚೆಯ ಗಂಟು, ಊರಿನ ಕಸ, ಎಲ್ಲವನ್ನೂ ಎಳೆಯುವುವು ಅವೇ. ನನ್ನ ಬಾಲ್ಯದ ಮೈಸೂರಿನ ಜಟಕಾ ಕುದುರೆಗಳಿಗೂ ಇವಕ್ಕೂ ಹೋಲಿಕೆಯಿಲ್ಲ. ಇವು ಆನೆಮರಿಗಳಂತೆ ದಪ್ಪ ಕಾಲಿನವು, ಗಂಭೀರವಾದ ಮುಖದವು. ಅವುಗಳ ಹಿಂದೆಯೇ ಸಲಿಕೆ ಪೊರಕೆಗಳನ್ನು ಹಿಡಿದ ಜಾಡಮಾಲಿಗಳು ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಲೇ ಇರುತ್ತಾರೆ.

ಒಂದೆರಡು ಗಂಟೆ ಕಳೆದ ಮೇಲೆ ಮೂಗು ಒಗ್ಗಿಕೊಂಡಿತು, ಕಿವಿ ತೆರೆದುಕೊಂಡಿತು. ಗೊರಸಿನ ಸದ್ದು, ಸೈಕಲ್ಲಿನ ಗಂಟೆ, ದಡಕ್ಕೆ ಅಪ್ಪಳಿಸುವ ಅಲೆ, ಇವಿಷ್ಟೇ ಆ ಊರಿನ ಶಬ್ದಗಳು. ದ್ವೀಪವನ್ನು ಬಳಸಿಕೊಂಡು ಸುಮಾರು 13 ಕಿಲೋಮೀಟರಿನ ರಸ್ತೆಯೊಂದಿದೆ. ಅದು ಸರ್ಕಾರದ ದಾಖಲೆಯಲ್ಲಿ ರಾಜ್ಯ ಹೆದ್ದಾರಿ. ಆದರೆ ಮೋಟಾರು ವಾಹನಗಳಿಗೆ ಅಲ್ಲಿ ನಿಷೇಧ! ಆ ಹೆದ್ದಾರಿಯ ನಡುಮಧ್ಯದಲ್ಲಿ ತಾಯಂದಿರು ಮಕ್ಕಳ ಕೈಬಿಟ್ಟು ನಡೆಯುತ್ತಿದ್ದರು. ಮೊಮ್ಮಗಳು ಬಾಡಿಗೆಯ ಸೈಕಲ್ಲನ್ನೇರಿ ಒಬ್ಬಳೇ ಮುಂದೆ ಹೊರಟುಹೋದಳು. ತಮ್ಮ ಊರಿನಲ್ಲಿ ಮಗಳು ಶಾಲೆಯ ಬಸ್ಸನ್ನು ಹತ್ತುವವರೆಗೂ ಬಾಗಿಲಲ್ಲಿ ನಿಂತು ಕಾಯುವ ನನ್ನ ಮಗಳು, ಅಂದು ಆಕೆಯನ್ನು ಹಿಂದಕ್ಕೆ ಕರೆಯಲಿಲ್ಲ. ಆ ದ್ವೀಪದಲ್ಲಿ ನಾನು ಕಂಡ ಬಹುದೊಡ್ಡ ಸೌಂದರ್ಯ ಇದು. ಸುಣ್ಣಕಲ್ಲಿನ ಕಮಾನು, ಬ್ರಿಟಿಷರು ಕಟ್ಟಿದ ಕೋಟೆ, 1887ರ ಭವ್ಯವಾದ ಹೋಟೆಲು, ಎಲ್ಲವೂ ಇದರ ಮುಂದೆ ನನಗೆ ಮಸುಕಾಗಿಯೇ ತೋರಿದವು.

ಸಂಜೆ ಸರೋವರದ ದಡದಲ್ಲಿ ಕುಳಿತಿದ್ದಾಗ ನನ್ನ ಉತ್ಸಾಹವನ್ನು ಕಂಡು ಅಳಿಯ ನಕ್ಕ. ಅವನು ಕಾರಿನ ಎಂಜಿನುಗಳ ವಿನ್ಯಾಸ ಮಾಡುವವನು. "ಮಾವ, ಇದೆಲ್ಲ ಹಣವುಳ್ಳವರ ಆಟಿಕೆ. ಕಾರನ್ನು ಇಲ್ಲವಾಗಿಸಿಲ್ಲ, ಕಣ್ಣಿಗೆ ಕಾಣದಂತೆ ಆಚೆಯ ದಡದಲ್ಲಿ ಬಚ್ಚಿಟ್ಟಿದ್ದಾರೆ. ನಮ್ಮ ಹೊರೆಯನ್ನು ಕುದುರೆಯ ಬೆನ್ನಿಗೂ ಕಸ ಗುಡಿಸುವವನ ಕೈಗೂ ದಾಟಿಸಿ, ಇದೇ ಶಾಂತಿ ಎನ್ನುತ್ತಿದ್ದೇವೆ" ಎಂದ.

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ವರ್ಷವಿಡೀ ನೆಲಸಿರುವವರು 600ರೊಳಗೆ. ಬೇಸಗೆಯಲ್ಲಿ ದಿನವೊಂದಕ್ಕೆ ಸಾವಿರಗಟ್ಟಲೆ ಬಂದಿಳಿಯುವ ಪ್ರವಾಸಿಗಳ ಸೇವೆಗಾಗಿ ದೂರದ ಜಮೈಕಾ ಮೊದಲಾದ ಕಡೆಗಳಿಂದಲೂ ಕೆಲಸಗಾರರು ಬರುತ್ತಾರೆ. ಚಳಿಗಾಲದಲ್ಲಿ ಹೆಚ್ಚಿನ ಕುದುರೆಗಳನ್ನು ಮುಖ್ಯಭೂಮಿಗೆ ಸಾಗಿಸಿ, ನಿವಾಸಿಗಳು ಹಿಮದ ಮೇಲೆ ಓಡುವ ಮೋಟಾರು ಗಾಡಿಗಳನ್ನೇ ಬಳಸುತ್ತಾರೆ. ಅಗ್ನಿಶಾಮಕ ದಳಕ್ಕೂ ಆಂಬುಲೆನ್ಸಿಗೂ ಎಂದಿಗೂ ನಿಷೇಧವಿಲ್ಲ. ನಿಷೇಧದ ಮೂಲವೂ ಅಷ್ಟೇನೂ ಉದಾತ್ತವಾದುದಲ್ಲ. 1898ರಲ್ಲಿ ಗ್ರಾಮಸಭೆಗೆ ಮನವಿ ಸಲ್ಲಿಸಿದವರು ಗಾಡಿ ಹೊಡೆಯುವವರು. ಹೊಸ ಯಂತ್ರದ ಸದ್ದಿಗೆ ಅವರ ಕುದುರೆಗಳು ಬೆದರುತ್ತಿದ್ದವು. ಕುದುರೆ ಬೆದರಿದರೆ ಹೊಟ್ಟೆಯ ಪಾಡಿಗೆ ಕುಂದು.

ಆದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಗಾಡಿಯವರು ತಮ್ಮ ಲಾಭವನ್ನೇ ನೋಡಿರಬಹುದು. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು. ಆ ಬಳಿಕದ ತಲೆಮಾರುಗಳಿಗೆ ನಿಯಮವನ್ನು ಕಿತ್ತೊಗೆಯಲು ಅಡ್ಡಿಯೇನಿತ್ತು? 1957ರಲ್ಲಿ ಸಮೀಪದ ಜಲಸಂಧಿಗೆ ಸುಮಾರು ಎಂಟು ಕಿಲೋಮೀಟರು ಉದ್ದದ ಮಹಾಸೇತುವೆಯನ್ನೇ ಕಟ್ಟಿದ ಜನ ಅವರು. ಕಾರುಗಳನ್ನು ದ್ವೀಪಕ್ಕೆ ತರುವ ಬಲವಾಗಲಿ ಬುದ್ಧಿಯಾಗಲಿ ಅವರಲ್ಲಿ ಇಲ್ಲದಿರಲಿಲ್ಲ. ತರಬಲ್ಲವರಾಗಿದ್ದೂ ಅವರು ತರಲಿಲ್ಲ. ಅಲ್ಲಿನ ಮೌನವು ಪ್ರಕೃತಿಯ ಕೊಡುಗೆಯಲ್ಲ. ಪ್ರತಿದಿನವೂ ಸಲಿಕೆ ಹಿಡಿದು, ಲದ್ದಿ ಎತ್ತಿ, ಸರಕನ್ನು ಏರಿಸಿ ಇಳಿಸಿ ಅವರು ಕೊಂಡುಕೊಳ್ಳುತ್ತಿರುವ ವಸ್ತು. ಆ ಬೆಲೆಯಲ್ಲಿ ಹೆಚ್ಚಿನ ಪಾಲನ್ನು ತೆರುವವರು ಬಡ ಕೆಲಸಗಾರರು ಎಂಬ ಅಳಿಯನ ಆಕ್ಷೇಪಣೆ ನಿಜ. ಅವರಿಗೆ ಒಳ್ಳೆಯ ಕೂಲಿ ಸಲ್ಲಬೇಕೆಂದು ವಾದಿಸೋಣ. ಅದಕ್ಕಾಗಿ ಬೀದಿಯನ್ನು ಮತ್ತೆ ಕಾರಿಗೆ ಒಪ್ಪಿಸಬೇಕೆಂದು ವಾದಿಸುವುದು ತರವಲ್ಲ.

ನಿಯಮದ ಗಟ್ಟಿತನ ತಿಳಿಯುವುದು ದೊಡ್ಡವರು ಬಾಗಿಲಿಗೆ ಬಂದಾಗ. 1975ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಆ ದ್ವೀಪಕ್ಕೆ ಬಂದರು. ಅಮೆರಿಕದ ಅಧ್ಯಕ್ಷರೂ ಅಲ್ಲಿ ಕುದುರೆಗಾಡಿಯಲ್ಲಿಯೇ ಸಾಗಿದರು. 2019ರಲ್ಲಿ ಅಂದಿನ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರು ಬಂದಾಗ ಎಂಟು ಕಾರುಗಳ ಸಾಲು ದ್ವೀಪದ ರಸ್ತೆಯಲ್ಲಿ ಓಡಿತು. ರಕ್ಷಣೆಯ ದೃಷ್ಟಿಯಿಂದ ಅದು ಅಗತ್ಯವೆಂದು ಕೆಲವರು ಸಮರ್ಥಿಸಿದರು. ಬಹಳ ಮಂದಿ ನೊಂದುಕೊಂಡರು. ಒಂದು ದಿನದ ಎಂಟು ಕಾರುಗಳಿಂದ ದ್ವೀಪದ ಗಾಳಿ ಕೆಟ್ಟುಹೋಗುವುದಿಲ್ಲ. ಆದರೆ ಸಾಮಾನ್ಯನಿಗೆ ಇಲ್ಲದ ವಿನಾಯಿತಿ ಪ್ರಬಲನಿಗೆ ದೊರೆತರೆ, ಸಾಮಾನ್ಯನು ತನ್ನ ಪಾಲಿನ ಕಷ್ಟವನ್ನು ಯಾವ ಮುಖ ನೋಡಿ ಸಹಿಸಬೇಕು? ನೊಂದವರ ಪಕ್ಷವೇ ನನಗೆ ಸರಿಯೆಂದು ತೋರುತ್ತದೆ.

ಇದು ಶ್ರೀಮಂತ ದೇಶದ ಸಂಗತಿ, ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಬಂಡೀಪುರದ ಕಾಡನ್ನು ಹಾಯುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ಅದನ್ನು ತೆಗೆಯಬೇಕೆಂಬ ಒತ್ತಾಯ ಬಲವಾಗಿಯೇ ಇದ್ದರೂ ಉಚ್ಚ ನ್ಯಾಯಾಲಯವು 2010ರಲ್ಲಿ ನಿರ್ಬಂಧವನ್ನು ಎತ್ತಿಹಿಡಿಯಿತು. ಆನೆ, ಜಿಂಕೆಗಳಿಗಾಗಿ ಒಂದು ರಸ್ತೆಯನ್ನು ಇರುಳೆಲ್ಲ ಮುಚ್ಚಬಲ್ಲೆವಾದರೆ, ಶಾಲೆಯ ಮಕ್ಕಳಿಗಾಗಿ ಒಂದು ಬೀದಿಯನ್ನು ಹಗಲಿನ ಎರಡು ಗಂಟೆ ಮುಚ್ಚುವುದು ಅಸಾಧ್ಯವೆಂದು ನಾನು ಒಪ್ಪಲಾರೆ.

ಸೋಮವಾರ ಮಧ್ಯಾಹ್ನ ಲಾಂಚು ನಮ್ಮನ್ನು ಹಿಂದಿನ ದಡಕ್ಕೆ ತಂದುಬಿಟ್ಟಿತು. ಸಾಲುಸಾಲು ಕಾರುಗಳ ನಡುವೆ ನಮ್ಮದನ್ನು ಹುಡುಕಲು ಬಹಳ ಹೊತ್ತು ಹಿಡಿಯಿತು. ಅಳಿಯ ಎಂಜಿನನ್ನು ಚಾಲೂ ಮಾಡಿದಾಗ ಪಕ್ಕದಲ್ಲಿದ್ದ ಮೊಮ್ಮಗಳು ಬೆಚ್ಚಿಬಿದ್ದಳು. "ಕುದುರೆಗಳ ತಪ್ಪಿಲ್ಲ ಬಿಡಿ ತಾತ" ಎಂದು ಆಕೆ ನಕ್ಕಾಗ ಅಳಿಯನೂ ನಕ್ಕ. ದಾರಿಯುದ್ದಕ್ಕೂ ನಮ್ಮಿಬ್ಬರ ವಾದ ಮುಂದುವರಿಯಿತು.