ಮೂಗಿಗಿಂತ ಮೂಗುತಿ ಭಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಇಂದಿಗೂ ಕೆಲವು ಮನೆಗಳ ಅಂಗಳದಲ್ಲಿ ಹಳೆಯ ಅಂಬಾಸಡರ್ ಕಾರು ನಿಂತಿರುವುದನ್ನು ಕಾಣಬಹುದು. ತಂದೆ ಕೊಂಡ ಕಾರನ್ನು ಮಾರಲು ಮಕ್ಕಳಿಗೆ ಮನಸ್ಸು ಬಾರದು. ಏರುದಾರಿಯಲ್ಲಿ ಅದು ಏದುಸಿರು ಬಿಡತೊಡಗಿದಾಗ, “ಎಂಜಿನನ್ನೇ ಬದಲಾಯಿಸಿದರಾಯಿತು” ಎಂಬ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ.

ಈ ಸಲಹೆ ಆಧಾರವಿಲ್ಲದ್ದೇನೂ ಅಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹುಟ್ಟಿದ ಅಂಬಾಸಡರಿಗೆ ಬಹುಕಾಲ ಇದ್ದದ್ದು 1,489 ಘನ ಸೆಂಟಿಮೀಟರಿನ, ಬ್ರಿಟಿಷ್ ಮೂಲದ ಪೆಟ್ರೋಲ್ ಎಂಜಿನು. 1990ರ ದಶಕದಲ್ಲಿ ಕಾರ್ಖಾನೆಯೇ ಅದೇ ಮೈಕಟ್ಟಿನೊಳಗೆ ಜಪಾನಿನ ಇಸುಜು ವಿನ್ಯಾಸದ 1,817 ಘನ ಸೆಂಟಿಮೀಟರಿನ ಎಂಜಿನನ್ನು ಕೂರಿಸಿತು. ಕಾರ್ಖಾನೆ ಮಾಡಿದ್ದನ್ನು ಊರಿನ ಮೆಕ್ಯಾನಿಕ್ ಮಾಡಲಾರನೇ? ಮಾಡಬಲ್ಲ. ಆದರೆ ಕಾರ್ಖಾನೆಯವರು ಬದಲಾಯಿಸಿದ್ದು ಎಂಜಿನೊಂದನ್ನೇ ಅಲ್ಲ.

ಹಳೆಯ ಎಂಜಿನಿನ ಹಿಂದಿರುವುದು ನಾಲ್ಕು ಗೇರುಗಳ ಪೆಟ್ಟಿಗೆ. ಅದರ ಹಿಡಿ ಸ್ಟಿಯರಿಂಗಿನ ಪಕ್ಕದಲ್ಲಿ. ಇಸುಜುವಿನ ಸಂಗಾತಿ ಐದು ಗೇರುಗಳದು. ಅದರ ಹಿಡಿ ನೆಲದಿಂದ ಮೇಲೇಳುತ್ತದೆ. ಹೊಸ ಎಂಜಿನಿಗೆ ಹಳೆಯ ಪೆಟ್ಟಿಗೆಯನ್ನು ಜೋಡಿಸಹೋದರೆ ಬೋಲ್ಟಿನ ರಂಧ್ರಗಳು ಒಂದಕ್ಕೊಂದು ಕೂಡಿಬಾರವು. ಪೆಟ್ಟಿಗೆಯನ್ನೂ ಬದಲಾಯಿಸಿದರೆ ನೆಲದ ತಗಡನ್ನು ಕತ್ತರಿಸಬೇಕು, ಪ್ರೊಪೆಲರ್ ದಂಡದ ಉದ್ದವನ್ನು ಸರಿಪಡಿಸಬೇಕು, ಎಂಜಿನು ಕೂರುವ ಆಸರೆಗಳನ್ನು ಹೊಸದಾಗಿ ಬೆಸೆಯಬೇಕು. ರೇಡಿಯೇಟರಿನ ಕೊಳವೆ, ಹೊಗೆಯ ಕೊಳವೆ, ವೇಗಮಾಪಕದ ಕೇಬಲ್ಲು, ಒಂದೊಂದೂ ತನ್ನ ಪಾಲನ್ನು ಕೇಳುತ್ತದೆ.

ನಟ್ಟು-ಬೋಲ್ಟುಗಳ ಜಗಳ ಬೇರೆ. ಬ್ರಿಟಿಷ್ ಎಂಜಿನಿನದು ಅಂಗುಲದ ಲೆಕ್ಕ, ಜಪಾನಿನದು ಮಿಲಿಮೀಟರಿನದು. 3/8 ಅಂಗುಲದ ಬೋಲ್ಟಿಗೂ 10 ಮಿಲಿಮೀಟರಿನದಕ್ಕೂ ಇರುವ ಅಂತರ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕಣ್ಣಿಗೆ ಎರಡೂ ಒಂದೇ. ಬಲವಂತದಿಂದ ತಿರುಗಿಸಿದರೆ ತಿರುಪಿನ ಸುತ್ತುಗಳೇ ಹಾಳಾಗುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಮತ್ತೊಂದಿಲ್ಲವೆಂಬುದು ಶಿಲ್ಪಿಯ ಹೆಮ್ಮೆ. ಯಂತ್ರದಲ್ಲಿ ಅದೇ ಗುಣ ಮಾಲೀಕನ ಪಾಲಿಗೆ ಶಾಪ. 2014ರಲ್ಲಿ ಅಂಬಾಸಡರಿನ ತಯಾರಿಕೆ ನಿಂತ ಮೇಲೆ ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೂ ಹುಡುಕಾಟ ನಡೆಸಬೇಕಾಗಬಹುದು. ಹೀಗೆ ಎಂಜಿನಿನ ಬೆಲೆಗಿಂತ ಅದರ ಪರಿವಾರದ ಬೆಲೆಯೇ ಹೆಚ್ಚಾದರೆ ಆಶ್ಚರ್ಯವಿಲ್ಲ.

ಹಣಕ್ಕಿಂತಲೂ ಮುಖ್ಯವಾದುದು ಜೀವ. ಹೆಚ್ಚು ಶಕ್ತಿಯ ಎಂಜಿನು ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿಯನ್ನು ಸುಲಭವಾಗಿ ಹತ್ತಿಸೀತು. ಇಳಿಯುವಾಗ ತಡೆಯಬೇಕಾದುದು ಹಳೆಯ ಡ್ರಮ್ ಬ್ರೇಕುಗಳೇ. ಬ್ರೇಕು, ಸ್ಪ್ರಿಂಗುಗಳನ್ನು ಮರೆತು ಎಂಜಿನೊಂದನ್ನೇ ಬಲಪಡಿಸುವುದು ವಿವೇಕವಲ್ಲ.

ಕಾನೂನೂ ಇಲ್ಲಿ ಮಾತನಾಡುತ್ತದೆ. ತಯಾರಕರು ಸೂಚಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿಷೇಧಿಸುತ್ತದೆ. ಎಂಜಿನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ, ಮುಂಗಡ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹಾಗಾದರೆ ಮಾಡಬೇಕಾದುದೇನು? ಮೊದಲು ಹಳೆಯ ಎಂಜಿನನ್ನೇ ಬಿಚ್ಚಿಸಿ ನೋಡಬೇಕು. ಸಿಲಿಂಡರನ್ನು ಕೊರೆಸಿ ಹೊಸ ಪಿಸ್ಟನ್ನುಗಳನ್ನು ಹಾಕಿಸಿ, ಕ್ರ್ಯಾಂಕ್ ದಂಡವನ್ನು ಅರೆಸಿದರೆ ಅನೇಕ ಎಂಜಿನುಗಳು ಮತ್ತೆ ಚೇತರಿಸಿಕೊಳ್ಳುತ್ತವೆ. ಅದು ಸಾಧ್ಯವಾಗದಿದ್ದರೆ ಅದೇ ಜಾತಿಯ ಎಂಜಿನನ್ನು ಹುಡುಕುವುದು ಲೇಸು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ಕಂಡವರಿಗೆ ತಿಳಿದಿರುವಂತೆ, ಇಂಥ ವಾಹನದ ಬೆಲೆ ಅದರ ವೇಗದಲ್ಲಿಲ್ಲ. ಬೇರೆ ಎಂಜಿನೇ ಬೇಕೆಂದು ನಿಶ್ಚಯಿಸಿ, ಒಪ್ಪಿಗೆಯೂ ದೊರೆತರೆ, ಗೇರುಪೆಟ್ಟಿಗೆ, ಕ್ಲಚ್ಚು, ಆಸರೆ, ಬೋಲ್ಟುಗಳ ಸಮೇತ ಒಂದೇ ಕಾರಿನಿಂದ ಕೊಳ್ಳಬೇಕು. ಬೆಲೆ ಹೇಳುವವನಿಂದ ಅವುಗಳ ಪಟ್ಟಿಯನ್ನು ಮೊದಲೇ ಬರೆಸಿಕೊಳ್ಳಬೇಕು.