ರಕ್ತದಲ್ಲಿಲ್ಲ, ಪೊರಕೆಯಲ್ಲಿದೆ

ಜಪಾನಿಗೆ ಹೋಗಿ ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: "ಸ್ವಚ್ಛತೆ, ಶಿಸ್ತು ಅವರ ರಕ್ತದಲ್ಲೇ ಇದೆ ಕಣ್ರೀ. ನಮ್ಮವರಿಗೆ ಏಳು ಜನ್ಮ ಎತ್ತಿದರೂ ಬರೋಲ್ಲ." ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇಸಿಗೆ ರಜೆಯಲ್ಲಿ ಟೋಕಿಯೋದಲ್ಲಿರುವ ತಮ್ಮನ ಮಗನ ಮನೆಗೆ ಹೋಗಿದ್ದೆ. ಮೊದಲ ಮೂರು ದಿನ ಆ ಮಹಾನಗರವನ್ನು ಕಾಲು ಸೋಲುವಷ್ಟು ಸುತ್ತಿದ ಮೇಲಂತೂ ಅದು ಬರೀ ಸೋಮಾರಿಗಳ ಮಾತೆಂದು ಖಾತ್ರಿಯಾಯಿತು.

ಮೊದಲ ದಿನ ಅಸಾಕುಸಾದ ಬೀದಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಿಡಿದು ಕಸದ ಡಬ್ಬಿ ಹುಡುಕಿದೆ. ಕಣ್ಣಿಗೆ ಬೀಳಲೇ ಇಲ್ಲ. 1995ರಲ್ಲಿ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲದ ದಾಳಿ ನಡೆದ ಮೇಲೆ ಭದ್ರತೆಗೆಂದು ಎಷ್ಟೋ ಡಬ್ಬಿಗಳನ್ನು ತೆಗೆದುಬಿಟ್ಟರು. ಜನ ತಮ್ಮ ಕಸವನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ನಾನೂ ಒಯ್ದೆ.

ಹಾಗಾದರೆ ರಕ್ತದ ಗುಣವೇ? ಎರಡನೆಯ ದಿನ ಯುಮೆನೊಶಿಮಾಕ್ಕೆ ಹೋದೆ. ಹೆಸರಿನ ಅರ್ಥ 'ಕನಸಿನ ದ್ವೀಪ'. ಇಂದು ಅಲ್ಲಿ ಹಸಿರು ಉದ್ಯಾನ, ಗಾಜಿನ ಸಸ್ಯಾಗಾರ. ಆದರೆ ಒಂದು ಕಾಲಕ್ಕೆ ಅದು ಟೋಕಿಯೋದ ತಿಪ್ಪೆ. 1965ರಲ್ಲಿ ಅಲ್ಲಿಂದೆದ್ದ ನೊಣಗಳ ಹಿಂಡು ಪಕ್ಕದ ಕೋಟೋ ವಾರ್ಡಿನ ಮನೆಗಳಿಗೆ ಮುತ್ತಿತ್ತು. ಊರಿನ ಕಸವೆಲ್ಲ ನಮ್ಮ ಬಾಗಿಲಿಗೇ ಏಕೆಂದು ಕೋಟೋದವರು ತಿರುಗಿಬಿದ್ದರು. 1971ರಲ್ಲಿ ಗವರ್ನರ್ ಮಿನೊಬೆ ಕಸದ ಮೇಲೆ 'ಸಮರ'ವನ್ನೇ ಸಾರಬೇಕಾಯಿತು. ಆಗ ಅವರ ಮೈಯಲ್ಲಿ ಬೇರೆ ರಕ್ತ ಹರಿಯುತ್ತಿತ್ತೇ?

ಮೂರನೆಯ ದಿನ ಬೆಳಿಗ್ಗೆ ಶಿಂಜುಕು ನಿಲ್ದಾಣ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ನಿಲ್ದಾಣವಂತೆ. ಆದರೂ ಎಲ್ಲರೂ ಸೊಲ್ಲೆತ್ತದೆ ಸಾಲಿನಲ್ಲಿ ನಿಂತಿದ್ದರು. ಅಲ್ಲೇ ಒಂದು ಬೋಗಿಯ ಮೇಲೆ 'ಮಹಿಳೆಯರಿಗೆ ಮಾತ್ರ' ಎಂಬ ಬರಹ! ನೂಕುನುಗ್ಗಲಿನಲ್ಲಿ ಹೆಣ್ಣಿನ ಮೈಮುಟ್ಟುವ ಪುಂಡರ ಕಾಟ ತಾಳಲಾರದೆ ಕೆಯೊ ಮಾರ್ಗದಲ್ಲಿ 2000ದ ಡಿಸೆಂಬರಿನಲ್ಲಿ ಇಂಥ ಬೋಗಿ ಪ್ರಯೋಗವಾಗಿ ಬಂತು, ಆಮೇಲೆ ಬೇರೆ ಮಾರ್ಗಗಳಿಗೂ ಹಬ್ಬಿತು. ಶಿಸ್ತು ರಕ್ತದಲ್ಲೇ ಇದ್ದಿದ್ದರೆ ಇದರ ಅಗತ್ಯವೇನಿತ್ತು? ಕಲಿಸಿದ್ದು ಬಂದಿದೆ, ಕಲಿಸದ್ದು ಬಂದಿಲ್ಲ. ಅಷ್ಟೇ.

ಕಲಿಸಿದ್ದು ಎಲ್ಲಿ? ಶಾಲೆಯಲ್ಲಿ. ಅಲ್ಲಿನ ಮಕ್ಕಳು ತಮ್ಮ ತರಗತಿ, ಪಡಸಾಲೆಗಳನ್ನು ತಾವೇ ಗುಡಿಸಿ ಒರೆಸುತ್ತಾರೆ. ಗಂಡು, ಹೆಣ್ಣು, ಸಿರಿವಂತ, ಬಡವ ಎಲ್ಲರಿಗೂ ಸರದಿ ಉಂಟು.

ನಮ್ಮಲ್ಲೂ ಶಾಲೆಯಲ್ಲಿ ಪೊರಕೆ ಇದೆ, ಇಲ್ಲವೆಂದು ಯಾರು ಹೇಳಿದರು? ಆದರೆ ಅದು ಯಾರ ಕೈಯಲ್ಲಿದೆ? ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಗುಡಿಸುವುದಕ್ಕೆ ಹುಡುಗಿಯರು, ಬೆಂಚು ಎತ್ತುವುದಕ್ಕೆ ಹುಡುಗರು. ಶೌಚಾಲಯಕ್ಕೆ ಕೇರಿಯ ಮಕ್ಕಳು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿ ನಾವೆಲ್ಲ ತಲೆತಗ್ಗಿಸಲಿಲ್ಲವೇ? ಎಲ್ಲರೂ ಸರದಿಯಂತೆ ಹಿಡಿದರೆ ಪೊರಕೆ ಪಾಠವಾಗುತ್ತದೆ. ಕೆಲವರ ಕೈಗೇ ಕೊಟ್ಟರೆ ಶಿಕ್ಷೆಯಾಗುತ್ತದೆ.

ತರಗತಿ ಗುಡಿಸಲು ಎಲ್ಲ ಮಕ್ಕಳಿಗೂ ಸರದಿ ಹಾಕಿದರೆ ಮಾರನೆಯ ದಿನವೇ ಜಗಳಕ್ಕೆ ಬರುವವರು ಯಾರು ಗೊತ್ತೇ? ತಾಯಂದಿರು. "ನನ್ನ ಮಗ ಕಸ ಗುಡಿಸೋದೇ ಮೇಡಂ? ಮನೆಯಲ್ಲಿ ತಿಂದ ತಟ್ಟೆ ಎತ್ತಿದವನಲ್ಲ!" ಅದೇನು ಹೆಮ್ಮೆಯೋ! ಆ ತಟ್ಟೆಯನ್ನು ಇಪ್ಪತ್ತು ವರ್ಷ ನೀವು ಎತ್ತುತ್ತೀರಿ, ಆಮೇಲೆ ಸೊಸೆ ಎತ್ತುತ್ತಾಳೆ. ಅವನು ಮಾತ್ರ ಬಸ್ಸಿನ ಕಿಟಕಿಯಿಂದ ಸಿಪ್ಪೆ ಎಸೆದು, "ನಮ್ಮ ದೇಶ ಉದ್ಧಾರವಾಗೋಲ್ಲ" ಎನ್ನುತ್ತಾನೆ.

ಅಕ್ಕತಂಗಿಯರೇ, ಇದಕ್ಕೆ ಸರ್ಕಾರದ ಸುತ್ತೋಲೆ ಬೇಕಿಲ್ಲ, ವಿಮಾನದ ಟಿಕೆಟ್ಟೂ ಬೇಕಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಮಗನ ತಟ್ಟೆಯನ್ನು ಮುಟ್ಟಬೇಡಿ. ಅವನೇ ಎತ್ತಲಿ, ನೆಲವನ್ನೂ ಅವನೇ ಒರೆಸಲಿ.