ಆಟಿಗೆ ಸಿಕ್ಕ ಬಾಗಿಲು

ಮಕ್ಕಳೇ, ಮನೆ ಕಟ್ಟುವ ಮೊದಲು "ನಿನ್ನ ಕೋಣೆ ಹೇಗಿರಬೇಕು ಪುಟ್ಟಾ?" ಎಂದು ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ನಮ್ಮ ಕಾಲದಲ್ಲಂತೂ ಕೇಳುತ್ತಿರಲಿಲ್ಲ. ಅಪ್ಪ, ಮೇಸ್ತ್ರಿ ಒಂದು ಕಡೆ ನಿಂತು ಮಾತಾಡುತ್ತಿದ್ದರು. ನಾವು ಮರಳಿನ ರಾಶಿಯ ಮೇಲೆ ಆಡುತ್ತಿದ್ದೆವು. ಅದಕ್ಕೇ ಇರಬೇಕು, 12 ವರ್ಷದ ಹುಡುಗಿಯ ಮಾತಿಗೆ ಕಿವಿಗೊಟ್ಟು ಕಟ್ಟಿದ ಒಂದು ಮನೆಯ ಕಥೆ ನನಗೆ ಬಹಳ ಇಷ್ಟ.

ಹುಡುಗಿಯ ಹೆಸರು ಆಟಿ. ತಂದೆ ವಾಲ್ಟರ್ ಗ್ರೋಪಿಯಸ್, ಜರ್ಮನಿಯ ಹೆಸರಾಂತ ವಾಸ್ತುಶಿಲ್ಪಿ. 1919ರಲ್ಲಿ ವೈಮಾರ್ ಎಂಬ ಊರಿನಲ್ಲಿ 'ಬೌಹೌಸ್' ಎಂಬ ಕಲಾಶಾಲೆ ತೆರೆದವರು ಅವರೇ. ಕುರ್ಚಿಯಾಗಲಿ ಕಟ್ಟಡವಾಗಲಿ ಸರಳವಾಗಿರಬೇಕು, ದಿನದ ಬಳಕೆಗೆ ಒದಗಬೇಕು ಎಂಬುದು ಅಲ್ಲಿನ ಪಾಠ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಆ ಶಾಲೆ ಮುಚ್ಚಿಹೋಯಿತು. ಮರುವರ್ಷ ಗ್ರೋಪಿಯಸ್ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಹೋದರು. 1937ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಅಮೆರಿಕಕ್ಕೆ ಬಂದರು. ಹೆಂಡತಿ ಈಸೆ, ಮಗಳು ಆಟಿಗೂ ಇನ್ನು ಅದೇ ಊರು, ಅದೇ ನೆಲೆ.

ಬಾಸ್ಟನ್ ನಗರದ ಹತ್ತಿರ ಲಿಂಕನ್ ಎಂಬ ಊರಿದೆ. ಅಲ್ಲಿನ ಹೆಲೆನ್ ಸ್ಟಾರೋ ಎಂಬ ದೊಡ್ಡ ಮನಸ್ಸಿನ ಹೆಂಗಸು ಮನೆಗೆ ಜಾಗವನ್ನೂ ಕಟ್ಟಲು ಹಣವನ್ನೂ ಒದಗಿಸಿದರು. ಹೀಗೆ 1938ರಲ್ಲಿ ಹುಲ್ಲಿನ ಗುಡ್ಡದ ಮೇಲೆ ಬಿಳಿ ಬಣ್ಣದ, ಚಪ್ಪಟೆ ಚಾವಣಿಯ ಮನೆ ಎದ್ದು ನಿಂತಿತು.

ಆಟಿ ಕೇಳಿದ್ದೇನು ಗೊತ್ತೇ? ಮಲಗಿದಲ್ಲಿಂದಲೇ ನಕ್ಷತ್ರ ಕಾಣಲು ಗಾಜಿನ ಚಾವಣಿ! ಕಾಲಡಿಗೆ ಮರಳಿನ ನೆಲ! ಜೊತೆಗೆ ತನ್ನದೇ ಒಂದು ಬಾಗಿಲು. ಮಳೆ, ಹಿಮ ಬೀಳುವ ಊರಲ್ಲಿ ಗಾಜಿನ ಚಾವಣಿ ಹೇಗಾದೀತು? ಮರಳನ್ನು ಗುಡಿಸುವವರು ಯಾರು? ಅವೆರಡೂ ಆಗಲಿಲ್ಲ. ಆದರೆ ಅಪ್ಪ ನಕ್ಕು ಸುಮ್ಮನಾಗಲೂ ಇಲ್ಲ. ಹೊರಗಿನಿಂದ ನೇರ ಮಹಡಿಗೆ ಹತ್ತಲು ಸುರುಳಿ ಸುರುಳಿಯಾದ ಕಬ್ಬಿಣದ ಮೆಟ್ಟಿಲು ಕೂರಿಸಿದರು. ಮೇಲೆ ಆಟಿಯ ಕೋಣೆಗೆ ಪ್ರತ್ಯೇಕ ಬಾಗಿಲು. ಬಾಗಿಲಾಚೆ ಬಯಲು ತಾರಸಿ. ನಕ್ಷತ್ರ ನೋಡಲು ಗಾಜು ಯಾಕೆ ಬೇಕು, ಆಕಾಶವೇ ಇತ್ತಲ್ಲ!

ಹುಟ್ಟಿದ ನಾಡು ಬಿಟ್ಟು ಬಂದ ಮಗುವಿಗೆ ಹೊಸ ನಾಡಿನಲ್ಲಿ 'ಇದು ನನ್ನದು' ಎನ್ನಲು ಒಂದು ಬಾಗಿಲು. ಅದು ಎಷ್ಟು ದೊಡ್ಡ ಉಡುಗೊರೆ ಎಂದು, ಊರು ಬಿಟ್ಟು ಊರಿಗೆ ಹೋಗಿ ಬಾಳಿದ ನಿಮ್ಮ ಅಜ್ಜಿಯನ್ನು ಕೇಳಿ. ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಅಜ್ಜಂದಿರಿಗೆ ಈ ಮನೆಯಲ್ಲಿ ಇನ್ನೊಂದು ಸಂಗತಿ ಹಿಡಿಸೀತು. ದಕ್ಷಿಣದ ದೊಡ್ಡ ಕಿಟಕಿಗಳ ಮೇಲೆ ಗ್ರೋಪಿಯಸ್ ಚಾಚು ಬಿಟ್ಟಿದ್ದಾರೆ. ಬೇಸಿಗೆಯ ಸೂರ್ಯ ನೆತ್ತಿಯ ಹತ್ತಿರ ಇರುವುದರಿಂದ ಚಾಚು ಬಿಸಿಲನ್ನು ತಡೆಯುತ್ತದೆ. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಬಿಸಿಲು ಒಳಗೆ ಬಂದು ಮನೆ ಬೆಚ್ಚಗಾಗುತ್ತದೆ. ನಮ್ಮ ಹಳೆಯ ಮನೆಗಳ ಜಗಲಿಗೆ ನೆರಳು ಕೊಡುತ್ತಿದ್ದ ಸೂರಿನ ಜಾಣತನ ನೆನಪಾಯಿತಲ್ಲವೇ?

ಗ್ರೋಪಿಯಸ್ 1969ರಲ್ಲಿ ತೀರಿಕೊಂಡರು. ಈಸೆ ಆ ಮನೆಯನ್ನು ಹಳೆಯ ಮನೆಗಳನ್ನು ಕಾಪಾಡುವ ಸಂಸ್ಥೆಗೆ ಕೊಟ್ಟರು. 2000ದಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. ಇಂದು ಯಾರು ಬೇಕಾದರೂ ಹೋಗಿ ನೋಡಬಹುದು. ಆಟಿಯ ಮೆಟ್ಟಿಲು ಈಗಲೂ ಅಲ್ಲೇ ಇದೆ.

ಈ ಭಾನುವಾರ ಒಂದು ಹಾಳೆಯಲ್ಲಿ ನಿಮ್ಮ ಕನಸಿನ ಮನೆ ಬರೆಯಿರಿ. ಆದರೆ ಪೆನ್ಸಿಲ್ ಹಿಡಿಯುವ ಮೊದಲು ಅಜ್ಜ, ಅಜ್ಜಿ, ಅಮ್ಮ, ತಮ್ಮ ಎಲ್ಲರನ್ನೂ ಕೇಳಿ: "ನಿಮಗೆ ಏನು ಬೇಕು?" ಅಜ್ಜಿ ಕಿಟಕಿ ಪಕ್ಕ ಒಂದು ಕಟ್ಟೆ ಸಾಕು ಎಂದರೆ, ಅದನ್ನೇ ಮೊದಲು ಬರೆಯಿರಿ.